ವಾರಕ್ಕೊಂದು ಸೂಜಿ, ಇಬ್ಬರ ಸಂಸಾರ

ತೂಕ ಇಳಿಸುವ ಹೊಸ ತಲೆಮಾರಿನ ಇಂಜೆಕ್ಷನ್‌ಗಳು ಭಾರತದ ಮಾರುಕಟ್ಟೆಗೆ ಬಂದದ್ದು 2025ರಲ್ಲಿ. ಮಾರ್ಚ್‌ನಲ್ಲಿ ಟಿರ್ಜೆಪಟೈಡ್ ‘ಮೌಂಜಾರೊ’ ಹೆಸರಿನಲ್ಲಿ ಬಂತು, ಜೂನ್‌ನಲ್ಲಿ ಸೆಮಾಗ್ಲುಟೈಡ್ ‘ವೆಗೋವಿ’ ಹೆಸರಿನಲ್ಲಿ. ಮೌಂಜಾರೊದ 2.5 ಮಿಲಿಗ್ರಾಂ ಸೀಸೆಗೆ ಆಗ 3,500 ರೂಪಾಯಿ, 5 ಮಿಲಿಗ್ರಾಂಗೆ 4,375. ವಾರಕ್ಕೊಂದರಂತೆ ತಿಂಗಳಿಗೆ 14,000ದಿಂದ 17,500 ರೂಪಾಯಿ. ಬೆಂಗಳೂರಿನ ಜಯನಗರ, ಜೆ.ಪಿ. ನಗರದ ಸಂಬಳದಾರರ ಮನೆಗಳಲ್ಲಿ ಇದು ಗೃಹಸಾಲದ ಕಂತಿನ ಜೊತೆಯಲ್ಲೇ ಲೆಕ್ಕಕ್ಕೆ ಬರುವ ಖರ್ಚು. ಹಾಗಾಗಿ ಸೂಜಿ ಚುಚ್ಚಿಕೊಳ್ಳುವುದು ಒಬ್ಬರಾದರೂ ತೀರ್ಮಾನ ಇಬ್ಬರದಾಗುತ್ತದೆ. ಸೆಮಾಗ್ಲುಟೈಡ್‌ನ ಭಾರತೀಯ ಪೇಟೆಂಟ್ ಅವಧಿ 2026ರ ಮಾರ್ಚ್‌ವರೆಗೆ ಮಾತ್ರ ಇದ್ದುದರಿಂದ, ದೇಶಿ ಕಂಪನಿಗಳು ಅಗ್ಗದ ಆವೃತ್ತಿಗಳಿಗೆ ಮೊದಲೇ ಸಿದ್ಧತೆ ನಡೆಸಿದ್ದವು.

ಊಟವಾದ ಮೇಲೆ ಕರುಳು ಸ್ರವಿಸುವ ಜಿಎಲ್‌ಪಿ-1 ಎಂಬ ಹಾರ್ಮೋನಿನ ಕೆಲಸವನ್ನು ಈ ಔಷಧಿಗಳು ಅನುಕರಿಸುತ್ತವೆ. ಟಿರ್ಜೆಪಟೈಡ್ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ಮಿದುಳಿಗೆ ‘ಸಾಕು’ ಎಂಬ ಸೂಚನೆ ಬೇಗ ತಲುಪುತ್ತದೆ. 2021ರಲ್ಲಿ ಪ್ರಕಟವಾದ ಸೆಮಾಗ್ಲುಟೈಡ್ ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ ಶೇ 14.9ರಷ್ಟು ತೂಕ ಇಳಿಯಿತು. ಮರುವರ್ಷದ ಟಿರ್ಜೆಪಟೈಡ್ ಪ್ರಯೋಗದಲ್ಲಿ ಗರಿಷ್ಠ ಪ್ರಮಾಣ ಪಡೆದವರು 72 ವಾರಗಳಲ್ಲಿ ಸರಾಸರಿ ಶೇ 20.9ರಷ್ಟು ತೂಕ ಇಳಿಸಿಕೊಂಡರು. 90 ಕೆ.ಜಿ. ಇದ್ದವರು 71ಕ್ಕೆ ಬಂದರೆ ಎದುರಿಗೆ ಸಿಕ್ಕವರು ಗುರುತು ಹಿಡಿಯಲು ತಡವರಿಸುತ್ತಾರೆ.

ಸ್ಥೂಲಕಾಯದ ಪರಿಣಾಮ ಅಳೆಯಲು ಸಂಶೋಧಕರು ಬಳಸುವ ಒಂದು ಹಳೆಯ ಪ್ರಶ್ನಾವಳಿಯಲ್ಲಿ ನಡೆದಾಟದ ಕಷ್ಟದ ಜೊತೆಗೆ ಸ್ವಾಭಿಮಾನ, ಲೈಂಗಿಕ ಜೀವನ, ನಾಲ್ಕು ಜನರ ನಡುವಿನ ಮುಜುಗರ ಇವಕ್ಕೂ ಪ್ರತ್ಯೇಕ ವಿಭಾಗಗಳಿವೆ. ತೂಕ ಇಳಿದಾಗ ಸಾಮಾನ್ಯವಾಗಿ ಈ ಅಂಕಗಳೂ ಸುಧಾರಿಸುತ್ತವೆ. ನಿತ್ಯದ ಬದುಕಿನಲ್ಲಿ ಆತ್ಮವಿಶ್ವಾಸ ತೀರಾ ಸಣ್ಣ ಜಾಗಗಳಲ್ಲಿ ಕಾಣಿಸಿಕೊಳ್ಳುತ್ತದೆ: ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯಲ್ಲಿ ‘ನಿಮ್ಮ ಸೈಜ್ ಇಲ್ಲ ಮೇಡಂ’ ಎಂಬ ಉತ್ತರ ನಿಲ್ಲುತ್ತದೆ, ಗ್ರೂಪ್ ಫೋಟೊದಲ್ಲಿ ಹಿಂದಿನ ಸಾಲಿಗೆ ಸರಿಯುವ ಅಭ್ಯಾಸ ತಪ್ಪುತ್ತದೆ. ಆದರೆ ಮೆಚ್ಚುಗೆ ಎಲ್ಲರಿಗೂ ಸಿಹಿಯಲ್ಲ. ಹತ್ತು ವರ್ಷ ಜೊತೆಗಿದ್ದವರು ಈಗ ತಿರುಗಿ ತಿರುಗಿ ನೋಡಿದರೆ, ‘ಹಾಗಾದರೆ ಇಷ್ಟು ದಿನ?’ ಎಂಬ ಪ್ರಶ್ನೆ ಏಳುತ್ತದೆ. ಕೈಹಿಡಿದವರು ಖುಷಿಯಿಂದ ಆಡಿದ ಮಾತೇ ಜಗಳಕ್ಕೆ ಮೊದಲಾಗುವುದು ಇಲ್ಲಿ.

ದೇಹವೂ ಅಂದುಕೊಂಡಂತೆ ಬರುವುದಿಲ್ಲ. ಇಳಿದ ತೂಕದಲ್ಲಿ ಕಾಲು ಭಾಗದಿಂದ ಶೇ 40ರವರೆಗೆ ಸ್ನಾಯು ಮೊದಲಾದ ಕೊಬ್ಬಲ್ಲದ ಅಂಶ ಇರಬಹುದು. ಕೆನ್ನೆ ಬತ್ತಿ, ಹೊಟ್ಟೆಯ ಚರ್ಮ ಜೋತುಬಿದ್ದು, ಕೂದಲು ಉದುರಿ, ಹೊರಗೆ ಬಟ್ಟೆಯಲ್ಲಿ ಚೆನ್ನಾಗಿ ಕಾಣುವವರು ಮಲಗುವ ಕೋಣೆಯಲ್ಲಿ ಮೊದಲಿಗಿಂತ ಬೇಗ ದೀಪ ಆರಿಸುವುದುಂಟು.

ದಾಂಪತ್ಯದಲ್ಲಿ ಮೊದಲ ಬದಲಾವಣೆ ಕಾಣುವುದು ಹಾಸಿಗೆಗಿಂತ ಊಟದ ಮೇಜಿನಲ್ಲಿ. ದಕ್ಷಿಣ ಬೆಂಗಳೂರಿನ ಅನೇಕ ಜೋಡಿಗಳ ಪ್ರೇಮ ಬೆಳೆದದ್ದೇ ತಿಂಡಿಯ ಸುತ್ತ: ಭಾನುವಾರ ಬೆಳಿಗ್ಗೆ ವಿದ್ಯಾರ್ಥಿ ಭವನದ ಸಾಲು, ಸಂಜೆ ಸಜ್ಜನ್‌ರಾವ್ ವೃತ್ತದ ಬಳಿಯ ತಿಂಡಿ ಬೀದಿ, ಎಲ್ಲೇ ಹೋದರೂ ಬೈ-ಟು ಕಾಫಿ. ಒಬ್ಬರಿಗೆ ಅರ್ಧ ಮಸಾಲೆ ದೋಸೆಗೇ ಹೊಟ್ಟೆ ತುಂಬಿ ಬೆಣ್ಣೆಯ ವಾಸನೆಗೆ ಓಕರಿಕೆ ಬಂದರೆ, ಇನ್ನೊಬ್ಬರು ತಟ್ಟೆಯ ಮುಂದೆ ಒಂಟಿಯಾಗುತ್ತಾರೆ. ಬಡಿಸುವುದನ್ನೇ ಅಕ್ಕರೆಯೆಂದು ತಿಳಿದ ಮನೆಗಳಲ್ಲಿ ಇದು ಇನ್ನೂ ಸೂಕ್ಷ್ಮ. ‘ಇನ್ನೊಂದು ಒಬ್ಬಟ್ಟು ಹಾಕ್ಕೊ’ ಎಂದ ಅತ್ತೆಗೆ ದಿನವೂ ‘ಬೇಡ’ ಎನ್ನುವ ಸೊಸೆ ಕೋಪಿಸಿಕೊಂಡಿದ್ದಾಳೆಂದೇ ಅರ್ಥ. ಔಷಧಿಯನ್ನು ಫ್ರಿಜ್ಜಿನಲ್ಲಿ ಇಡಬೇಕು; ದೋಸೆ ಹಿಟ್ಟಿನ ಡಬ್ಬಿಯ ಹಿಂದೆ ಮುಚ್ಚಿಟ್ಟ ಪೆಟ್ಟಿಗೆ ಕೂಡುಕುಟುಂಬದಲ್ಲಿ ಹೆಚ್ಚು ದಿನ ಗುಟ್ಟಾಗಿ ಉಳಿಯುವುದಿಲ್ಲ.

ಹಾಸಿಗೆಯ ವಿಷಯದಲ್ಲಿ ಲಾಭವೂ ಇದೆ, ಕಿರಿಕಿರಿಯೂ ಇದೆ. ಗಂಡಸರಲ್ಲಿ ಕೊಬ್ಬಿನ ಅಂಗಾಂಶ ಟೆಸ್ಟೊಸ್ಟೆರಾನನ್ನು ಈಸ್ಟ್ರೋಜನ್ ಆಗಿ ಬದಲಿಸುತ್ತದೆ; ಕೊಬ್ಬು ಕರಗಿದಾಗ ಟೆಸ್ಟೊಸ್ಟೆರಾನ್ ಏರುವುದುಂಟು. ಗೊರಕೆಯದು ಇನ್ನೊಂದು ಕಥೆ. ನಿದ್ದೆಯಲ್ಲಿ ಉಸಿರುಕಟ್ಟುವ ಸ್ಲೀಪ್ ಆಪ್ನಿಯಾ ಇರುವ ಸ್ಥೂಲಕಾಯರಿಗೆ ಟಿರ್ಜೆಪಟೈಡ್ ಬಳಸಲು ಅಮೆರಿಕ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ನೀಡಿತು. ಗೊರಕೆಯ ಕಾರಣಕ್ಕೆ ವರ್ಷಗಟ್ಟಲೆ ಹಾಲ್‌ನಲ್ಲಿ ಚಾಪೆ ಹಾಸಿಕೊಂಡವರು ಕೋಣೆಗೆ ಮರಳುವುದು ಯಾವ ಪ್ರಣಯ ಸಲಹೆಗಿಂತಲೂ ದೊಡ್ಡ ಬದಲಾವಣೆ. ಇನ್ನೊಂದು ಕಡೆ ಹುಳಿತೇಗು, ಮಲಬದ್ಧತೆ, ಸುಸ್ತು. ಡೋಸ್ ಏರಿಸಿದ ವಾರಗಳಲ್ಲಿ ಇವು ಹೆಚ್ಚು. ಮುಟ್ಟಬೇಡ ಎನ್ನಲು ಅಷ್ಟೇ ಸಾಕು. ಬಯಕೆ ಹೆಚ್ಚಿತೆನ್ನುವವರೂ ಇದ್ದಾರೆ, ಊಟದ ಜೊತೆಗೆ ಅದೂ ಇಂಗಿತೆನ್ನುವವರೂ ಇದ್ದಾರೆ. ಔಷಧಿಯ ಬಗ್ಗೆ ಗೊತ್ತಿಲ್ಲದಿದ್ದರೆ ಸಂಗಾತಿ ಬಯಕೆ ತಗ್ಗಿದ್ದನ್ನು ತನ್ನ ಮೇಲಿನ ಅಸಡ್ಡೆಯೆಂದೇ ಓದಿಕೊಳ್ಳುತ್ತಾರೆ.

ಸಂಬಂಧ ಮುರಿಯುವ, ಕೂಡುವ ಬಗ್ಗೆ ಗಟ್ಟಿ ಅಂಕಿಅಂಶ ಇರುವುದು ಔಷಧಿಯ ಕುರಿತಲ್ಲ, ತೂಕ ಇಳಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ಕುರಿತು. ಸ್ವೀಡನ್ನಿನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶಸ್ತ್ರಚಿಕಿತ್ಸೆಯ ನಂತರ ಒಂಟಿಯಾಗಿದ್ದವರಲ್ಲಿ ಮದುವೆ ಅಥವಾ ಹೊಸ ಸಂಬಂಧ ಹೆಚ್ಚಿತು, ಜೊತೆಗಾರರಿದ್ದವರಲ್ಲಿ ವಿಚ್ಛೇದನ ಮತ್ತು ಬೇರ್ಪಡೆಯೂ ಹೆಚ್ಚಿತು. ಹಾಗಿದ್ದರೂ ಹೆಚ್ಚಿನ ಜೋಡಿಗಳು ಒಟ್ಟಿಗೇ ಉಳಿದವು. ಸ್ವೀಡನ್ನಿನ ಲೆಕ್ಕವನ್ನು ಬನಶಂಕರಿಗೆ ನೇರವಾಗಿ ಅನ್ವಯಿಸಲಾಗದು. ಇಲ್ಲಿ ಬೇರ್ಪಡುವ ಬದಲು ಮಾತು ಬಿಟ್ಟು ಒಂದೇ ಸೂರಿನಡಿ ಬದುಕುವವರೂ ಇದ್ದಾರೆ, ಅದು ಯಾವ ದಾಖಲೆಗೂ ಸಿಗುವುದಿಲ್ಲ.

ಮದುವೆ ಮಾತುಕತೆಯ ವಯಸ್ಸಿನವರಲ್ಲಿ ಒತ್ತಡ ಬೇರೆ ಬಗೆಯದು. ‘ಹುಡುಗಿ ಸ್ವಲ್ಪ ದಪ್ಪ’ ಎಂಬ ಒಂದು ವಾಕ್ಯ ಹೊಂದಿದ ಜಾತಕವನ್ನೂ ಹಿಂದಕ್ಕೆ ಕಳಿಸುತ್ತದೆ. ಹುಡುಗನ ಹೊಟ್ಟೆಗೆ ಆ ನಿಷ್ಠುರತೆ ಅನ್ವಯಿಸುವುದು ಕಡಿಮೆ. ಮುಹೂರ್ತಕ್ಕೆ ಆರು ತಿಂಗಳಿದೆ ಎನ್ನುವಾಗ ಸೂಜಿ ಶುರು ಮಾಡಿ, ಛತ್ರದಿಂದ ಮನೆಗೆ ಬಂದ ಮೇಲೆ ನಿಲ್ಲಿಸುವ ಯೋಚನೆ ಇಲ್ಲಿಂದ ಹುಟ್ಟುತ್ತದೆ. ಔಷಧಿ ಹಾಗೆ ಕೆಲಸ ಮಾಡುವುದಿಲ್ಲ. ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಒಂದೇ ವರ್ಷಕ್ಕೆ ಇಳಿದ ತೂಕದ ಮೂರನೇ ಎರಡರಷ್ಟು ಮರಳಿದ್ದನ್ನು ಅನುಸರಣಾ ಅಧ್ಯಯನ ತೋರಿಸಿದೆ. ನಿಶ್ಚಿತಾರ್ಥಕ್ಕೆ ಮೊದಲು ಹೇಳದೆ ಬಿಟ್ಟ ವಿಷಯ ಮೊದಲ ವಾರ್ಷಿಕೋತ್ಸವದ ಹೊತ್ತಿಗೆ ತಾನಾಗಿಯೇ ಹೊರಬರುತ್ತದೆ. ಈ ಹಂತದ ಮಾತುಕತೆಗೆ ಸೂಜಿ ಬರೆದುಕೊಟ್ಟ ವೈದ್ಯರಿಗಿಂತ ಆಪ್ತಸಮಾಲೋಚಕರು ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಅಂಥ ನೆರವಿಗೆ ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನ ಸ್ವಾಸ್ಥ್ಯ ಕೇಂದ್ರವೇ ಇದೆ.

ಮದುವೆಯಾದ ಕೆಲವೇ ತಿಂಗಳಲ್ಲಿ ಹಿರಿಯರು ‘ಏನಾದರೂ ವಿಶೇಷವಾ?’ ಎಂದು ಕೇಳತೊಡಗುತ್ತಾರೆ. ಪಿಸಿಓಡಿ ಎಂಬ ಅಂಡಾಶಯದ ತೊಂದರೆಯಿಂದ ಮುಟ್ಟು ತಪ್ಪುತ್ತಿದ್ದವರಲ್ಲಿ ತೂಕ ಇಳಿದ ಮೇಲೆ ಅಂಡೋತ್ಪತ್ತಿ ಮರಳಬಹುದು, ಗರ್ಭ ನಿರೀಕ್ಷೆಗಿಂತ ಮೊದಲೇ ನಿಲ್ಲಬಹುದು. ಟಿರ್ಜೆಪಟೈಡ್ ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನೂ ತಗ್ಗಿಸಬಲ್ಲದು. ಆದ್ದರಿಂದ ಶುರು ಮಾಡಿದ ನಾಲ್ಕು ವಾರ ಮತ್ತು ಪ್ರತಿ ಸಲ ಡೋಸ್ ಏರಿಸಿದ ನಂತರದ ನಾಲ್ಕು ವಾರ ಕಾಂಡೋಮ್‌ನಂತಹ ಇನ್ನೊಂದು ವಿಧಾನ ಬಳಸಬೇಕು. ಗರ್ಭಿಣಿಯರು ಈ ಔಷಧಿ ತೆಗೆದುಕೊಳ್ಳುವಂತಿಲ್ಲ. ಮಗು ಬೇಕೆನ್ನುವವರು ಸೆಮಾಗ್ಲುಟೈಡನ್ನು ಕನಿಷ್ಠ ಎರಡು ತಿಂಗಳ ಮೊದಲೇ ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ಹಸಿವು ಮರಳುತ್ತದೆ. ಆ ತಿಂಗಳುಗಳ ಊಟ, ನಡಿಗೆ, ತೂಕದ ಲೆಕ್ಕವನ್ನು ವೈದ್ಯರ ಎದುರು ಗಂಡ ಹೆಂಡತಿ ಇಬ್ಬರೂ ಕೂತು ಮೊದಲೇ ಮಾಡಿಕೊಳ್ಳಬೇಕಾಗುತ್ತದೆ.