ಇಲಿಗಳಿಂದ ಶುರುವಾದ ಪ್ರಳಯ

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ‘ಬಿ’ ಬ್ಲಾಕಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆ. ಅವರ ಕಪಾಟಿನಲ್ಲಿ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ ಹಳೆಯ ಪ್ರತಿಯೊಂದಿದೆ. ಆಚಾರ ಮುರಿದು ಸತ್ತ ಬ್ರಾಹ್ಮಣ ನಾರಣಪ್ಪನ ಹೆಣ ಸುಡುವವರಾರು ಎಂಬ ಚರ್ಚೆಯ ಪಕ್ಕದಲ್ಲಿ ಒಂದೂ ಗುರುತಿಲ್ಲ; ಇಲಿ ಬಿದ್ದು ಸತ್ತಲ್ಲೆಲ್ಲ ಪೆನ್ಸಿಲ್ ಗೀಟು. “ಮೊದಲು ಇಲಿ ಓದ್ರಿ, ಆಮೇಲೆ ಆಚಾರ್ಯರನ್ನ ಓದ್ರಿ” ಎಂದು ಮೇಷ್ಟ್ರು ಪುಸ್ತಕ ಕೈಗಿಡುತ್ತಾರೆ.

ಹಾಗೆ ಓದಿದರೆ 1965ರ ಈ ಕೃತಿ ಪ್ರಳಯದ ಕಾದಂಬರಿಯಾಗಿ ತೆರೆದುಕೊಳ್ಳುತ್ತದೆ. ಅಣುಬಾಂಬು, ಪಾಳುಬಿದ್ದ ಮಹಾನಗರ ಯಾವುದೂ ಇಲ್ಲಿ ಬೇಕಿಲ್ಲ. ತುಂಗೆಯ ದಡದ ದೂರ್ವಾಸಪುರದವರಿಗೆ ಅಗ್ರಹಾರವೇ ಲೋಕ. ಅದು ಮುಗಿಯಲು ಪ್ಲೇಗು ಸಾಕು.

ಪ್ಲೇಗು ಬರೀ ಕಾದಂಬರಿಯ ಕಲ್ಪನೆಯಲ್ಲ; 1898ರಲ್ಲಿ ಅದು ಬೆಂಗಳೂರಿಗೆ ಬಂತು. ಇಲಿಯ ಮೈಮೇಲಿನ ಚಿಗಟವೇ ರೋಗ ಹರಡುತ್ತದೆಂದು ಫ್ರಾನ್ಸಿನ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ಕಂಡುಕೊಂಡದ್ದೂ ಅದೇ ವರ್ಷ. ಮನುಷ್ಯರಿಗಿಂತ ಮೊದಲು ಇಲಿ ಸಾಯುತ್ತದೆ. ಕಾಮುವಿನ ‘ದಿ ಪ್ಲೇಗ್’ ಕಾದಂಬರಿಯಲ್ಲಿ (1947) ಸತ್ತ ಇಲಿ ಮೊದಲು ಕಣ್ಣಿಗೆ ಬೀಳುವುದು ಡಾಕ್ಟರಿಗೆ. ‘ಸಂಸ್ಕಾರ’ದಲ್ಲಿ ಇಲಿಗಳ ಸುದ್ದಿ ಹೇಳುವವಳು ಹೊಲೆಗೇರಿಯ ಬೆಳ್ಳಿ. ಅವಳ ಮೈ ಬಯಸಿ ಬಂದ ಅಗ್ರಹಾರದ ಶ್ರೀಪತಿಗೆ ಆ ಮಾತು ಬೇಡ. ಕೇರಿಯಲ್ಲಿ ಜನ ಸಾಯುತ್ತಾರೆ, ಗುಡಿಸಲುಗಳು ಉರಿಯುತ್ತವೆ. ಅಗ್ರಹಾರದವರು ಮಾತ್ರ ಮಾಡಿನ ಮೇಲೆ ಕೂತ ಹದ್ದುಗಳನ್ನು ಶಂಖ, ಜಾಗಟೆಗಳಿಂದ ಓಡಿಸುತ್ತ, ಎಲ್ಲವನ್ನೂ ನಾರಣಪ್ಪನ ಪಾಪಕ್ಕೆ ಕಟ್ಟುತ್ತಾರೆ. ಕಾದಂಬರಿಯ ಎದೆ ಇರುವುದು ಇಲ್ಲೇ. ಊರನ್ನು ಉಳಿಸಬಹುದಾಗಿದ್ದ ಸುದ್ದಿ ಕೇರಿಯಲ್ಲಿತ್ತು, ಕೇಳುವ ಕಿವಿ ಇರಲಿಲ್ಲ.

ಕಟ್ಟೋಣವೂ ಇದಕ್ಕೆ ಒತ್ತಾಸೆ. ಮೂರು ಭಾಗಗಳಲ್ಲಿ ಮೊದಲನೆಯದು ಹೆಣದ ಸುತ್ತಲೇ ಕಟ್ಟಿಹಾಕಿದಂತೆ ನಿಲ್ಲುತ್ತದೆ. ಎರಡನೆಯದರಲ್ಲಿ ಬ್ರಾಹ್ಮಣರು ಪರಿಹಾರ ಹುಡುಕಿ ಮಠದತ್ತ ಹೊರಡುತ್ತಾರೆ, ಕೆಲವರು ದಾರಿಯಲ್ಲೇ ಸಾಯುತ್ತಾರೆ. ಅಷ್ಟರಲ್ಲಿ ನಾರಣಪ್ಪನ ಜೊತೆ ಬಾಳಿದ ಚಂದ್ರಿ ಮುಸ್ಲಿಮನೊಬ್ಬನ ನೆರವಿನಿಂದ ಹೆಣವನ್ನು ಗುಟ್ಟಾಗಿ ಸುಡಿಸಿರುತ್ತಾಳೆ. ಇದು ಓದುಗರಿಗೆ ಗೊತ್ತು, ಹೆಣದ ಪ್ರಶ್ನೆಗೆ ಉತ್ತರ ಹುಡುಕುವ ಪ್ರಾಣೇಶಾಚಾರ್ಯರಿಗೆ ಗೊತ್ತಿಲ್ಲ.

ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದಾಗ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ನೋಡಿದ ಮೇಲೆ ಈ ಕಾದಂಬರಿ ಮೊಳೆಯಿತೆಂದು ಅನಂತಮೂರ್ತಿಯವರೇ ಹೇಳಿದ್ದಾರೆ. ಆ ಚಿತ್ರದಲ್ಲೂ ಪ್ಲೇಗಿನ ನಾಡಲ್ಲಿ ಒಬ್ಬ ಯೋಧ ದೇವರಿಂದ ಉತ್ತರ ಕೇಳುತ್ತ ನಡೆಯುತ್ತಾನೆ. ಆದರೆ ಬೆಳ್ಳಿಯ ಕೇರಿ ಮಲೆನಾಡಿನದೇ. ಅನಂತಮೂರ್ತಿ ಹುಟ್ಟಿದ್ದೂ ಅಲ್ಲೇ, ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ.

ಮೂರನೆಯ ಭಾಗ ಸಡಿಲ ಎಂಬ ಆಕ್ಷೇಪ ಒಪ್ಪುವಂಥದ್ದಲ್ಲ. ತೀರಿಕೊಂಡ ಹೆಂಡತಿ ಭಾಗೀರಥಿಯನ್ನು ಸುಟ್ಟು ಹೊರಟ ಆಚಾರ್ಯರು ದಾರಿಯಲ್ಲಿ ಸಿಕ್ಕ ಮಾಲೇರ ಪುಟ್ಟನ ಜೊತೆ ಮೇಳಿಗೆಯ ಜಾತ್ರೆ ಸುತ್ತುತ್ತಾರೆ: ಕಾಫಿ, ಕೋಳಿ ಅಂಕ, ಸೂತಕದಲ್ಲೇ ದೇವಸ್ಥಾನದ ಊಟ. ಅವರ ಲೋಕ ಮುಗಿದಿದೆ, ಜಾತ್ರೆ ಎಂದಿನಂತೆ ನಡೆದಿದೆ. ಈ ಕಾದಂಬರಿಯನ್ನಾಧರಿಸಿದ 1970ರ ಸ್ವರ್ಣಕಮಲ ವಿಜೇತ ಚಿತ್ರವನ್ನು ಮೆಚ್ಚಿದವರೂ ಈ ಭಾಗಕ್ಕಾಗಿ ಪುಸ್ತಕಕ್ಕೇ ಬರಬೇಕು. ಪ್ರಳಯ ದಾಟಿದವನು ತಾನು ಯಾರೆಂದು ಪ್ರತಿ ಹೆಜ್ಜೆಗೂ ತಡವರಿಸುವುದನ್ನು ಇಷ್ಟು ಹತ್ತಿರದಿಂದ ತೋರಿಸಿದ ಕನ್ನಡದ ಪುಟಗಳು ವಿರಳ.