ಗಾಳಿಯ ಕಮಾನಿನ ವಾಹನಗಳೂ ಅವುಗಳ ಎತ್ತರದ ಅಳತೆಯೂ

ಬೆಳೆದ ಪದಾರ್ಥವು ಹೊಲವನ್ನು ಬಿಟ್ಟು ಪೇಟೆಯನ್ನು ಸೇರುವವರೆಗೂ ಅದರ ಲಾಭನಷ್ಟಗಳು ಬೆಳೆದವನ ಪಾಲಿನವೇ ಆಗಿರುವುವು. ಟೊಮ್ಯಾಟೊ, ದ್ರಾಕ್ಷಿ, ಮಾವು, ಕೋಳಿಮೊಟ್ಟೆ ಮೊದಲಾದ ಸುಕುಮಾರವಾದ ಸರಕುಗಳು ದಾರಿಯ ಕುಲುಕಾಟದಿಂದ ಕೆಟ್ಟುಹೋದರೆ ಹೊಲದಲ್ಲಿ ಪಟ್ಟ ಶ್ರಮವೆಲ್ಲವೂ ವ್ಯರ್ಥವಾಗುವುದು. ಈ ಕುಲುಕಾಟವನ್ನು ತಗ್ಗಿಸುವುದಕ್ಕಾಗಿ, ಉಕ್ಕಿನ ಕಮಾನುಪಟ್ಟಿಗಳಿಗೆ ಬದಲಾಗಿ ಗಾಳಿ ತುಂಬಿದ ರಬ್ಬರಿನ ಚೀಲಗಳ ಮೇಲೆ ಭಾರವನ್ನು ಹೊರಿಸುವ ಏರ್ ಸಸ್ಪೆನ್ಷನ್ ಎಂಬ ಏರ್ಪಾಡು ಅನೇಕ ಬಸ್ಸುಗಳಲ್ಲಿಯೂ ಕೆಲವು ಲಾರಿ ಮತ್ತು ಟ್ರೈಲರುಗಳಲ್ಲಿಯೂ ಇರುವುದು. ಅಂತಹ ವಾಹನವನ್ನು ಕೊಂಡಿರುವ ಇಲ್ಲವೆ ಬಾಡಿಗೆಗೆ ಗೊತ್ತುಮಾಡುವ ಗ್ರಾಮದ ಯಜಮಾನರೂ ಭೂಮಾಲೀಕರೂ ಮುಖ್ಯವಾದ ಒಂದು ವಿಷಯವನ್ನು ತಿಳಿದಿರುವುದು ಅವಶ್ಯಕವು. ಈ ಏರ್ಪಾಡಿನಲ್ಲಿ ಗೊತ್ತುಮಾಡಿ ನಿಲ್ಲಿಸತಕ್ಕದ್ದು ವಾಹನದ ಎತ್ತರವನ್ನು. ಗಾಳಿಯ ಒತ್ತಡವು ಭಾರಕ್ಕೆ ತಕ್ಕಂತೆ ತಾನಾಗಿಯೇ ಹೊಂದಿಕೊಳ್ಳುವುದು.

ಪೂರ್ವವೃತ್ತಾಂತ

ಗಾಳಿಯ ಕಮಾನು ತೀರ ಹೊಸದಾದ ಯೋಚನೆಯಲ್ಲ. ಅಮೆರಿಕಾ ದೇಶದಲ್ಲಿ ೧೯೦೧ರಲ್ಲಿಯೇ ಇಂತಹುದೊಂದಕ್ಕೆ ಪೇಟೆಂಟು ದೊರೆಯಿತು. ೧೯೫೩ರಲ್ಲಿ ಜನರಲ್ ಮೋಟಾರ್ಸ್ ಕಂಪೆನಿಯವರು ದೂರಪ್ರಯಾಣದ ಬಸ್ಸುಗಳಿಗೆ ಇದನ್ನು ಅಳವಡಿಸಿದರು. ೨೦೦೧ರಿಂದ ಭಾರತದ ರಸ್ತೆಗಳಿಗೆ ಬಂದ ವೋಲ್ವೊ ಬಸ್ಸುಗಳೂ, ೨೦೦೬ರಿಂದ ಬೆಂಗಳೂರು ನಗರದಲ್ಲಿ ಓಡತೊಡಗಿದ ತಗ್ಗು ನೆಲಗಟ್ಟಿನ ವೋಲ್ವೊ ಬಸ್ಸುಗಳೂ ಈ ಬಗೆಯವೇ. ಅವುಗಳಲ್ಲಿ ಕುಳಿತು ಪ್ರಯಾಣಮಾಡಿದವರಿಗೆ ಉಕ್ಕಿನ ಪಟ್ಟಿಗೂ ಗಾಳಿಯ ಚೀಲಕ್ಕೂ ಇರುವ ಅಂತರವನ್ನು ವಿವರಿಸಬೇಕಾದುದಿಲ್ಲ.

ಏರ್ಪಾಡಿನ ಸ್ವರೂಪ

ಎಂಜಿನ್ನು ನಡೆಸುವ ಕಂಪ್ರೆಸರಿನಿಂದ ಗಾಳಿಯು ಉಕ್ಕಿನ ತೊಟ್ಟಿಗಳಲ್ಲಿ ಶೇಖರವಾಗುವುದು. ಅಲ್ಲಿಂದ ಮೊದಲು ಬ್ರೇಕುಗಳಿಗೂ, ಬಳಿಕ ಚೀಲಗಳಿಗೂ ಹೋಗುವುದು. ಷಾಸಿಗೆ ಬಿಗಿದಿರುವ ಲೆವೆಲಿಂಗ್ ವಾಲ್ವ್ ಎಂಬ ಸಣ್ಣ ಯಂತ್ರಕ್ಕೆ ಒಂದು ತೋಳಿದ್ದು, ಆ ತೋಳನ್ನು ಒಂದು ಕಡ್ಡಿಯು ಗಾಲಿಯ ಅಚ್ಚಿಗೆ ಸೇರಿಸಿರುವುದು. ಭಾರ ಹೇರಿದಾಗ ಷಾಸಿಯು ತಗ್ಗುವುದರಿಂದ ತೋಳು ಮೇಲಕ್ಕೆ ಎದ್ದು ಚೀಲಕ್ಕೆ ಗಾಳಿಯನ್ನು ಬಿಡುವುದು. ಭಾರ ಇಳಿಸಿದಾಗ ಷಾಸಿಯು ಏರುವುದರಿಂದ ತೋಳು ಕೆಳಕ್ಕೆ ಬಾಗಿ ಗಾಳಿಯನ್ನು ಹೊರಕ್ಕೆ ಕಳುಹುವುದು. ಗೊತ್ತಾದ ಎತ್ತರಕ್ಕೆ ಬಂದೊಡನೆ ತೋಳು ನಡುವಣ ಸ್ಥಾನದಲ್ಲಿ ನಿಂತು ಎರಡು ದಾರಿಗಳೂ ಮುಚ್ಚುವುವು.

ಇದನ್ನು ಒಂದು ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಒಂದು ಚೀಲದ ಭಾರ ಹೊರುವ ವಿಸ್ತೀರ್ಣವು ೫೦೦ ಚದರ ಸೆಂಟಿಮೀಟರೆಂದು ಇಟ್ಟುಕೊಂಡರೆ, ಚದರ ಸೆಂಟಿಮೀಟರಿಗೆ ೧ ಕಿಲೋಗ್ರಾಂ ಒತ್ತಡದಲ್ಲಿ ಅದು ೫೦೦ ಕಿಲೋಗ್ರಾಂ ಭಾರವನ್ನೂ, ೫ ಕಿಲೋಗ್ರಾಂ ಒತ್ತಡದಲ್ಲಿ ೨,೫೦೦ ಕಿಲೋಗ್ರಾಂ ಭಾರವನ್ನೂ ಹೊರುವುದು. ಒತ್ತಡವು ಐದು ಪಾಲು ಹೆಚ್ಚಿದರೂ ಎತ್ತರವು ಮಾತ್ರ ಮೊದಲಿನಷ್ಟೇ ಇರುವುದು. ಆದುದರಿಂದ ಒತ್ತಡದ ಗೇಜನ್ನು ನೋಡಿ ಎತ್ತರವನ್ನು ಸರಿಪಡಿಸಲು ಹೊರಡುವುದು ಸಲ್ಲದು.

ಎತ್ತರವು ತಪ್ಪಿದರೆ ಆಗುವ ಹಾನಿ

ಎತ್ತಿನ ಗಾಡಿಯಲ್ಲಿ ಭಾರವು ಹಿಂದಾದರೆ ಮೂಕಿಯು ಮೇಲೇಳುವುದನ್ನೂ, ಮುಂದಾದರೆ ಎತ್ತುಗಳ ಹೆಗಲು ಹುಣ್ಣಾಗುವುದನ್ನೂ ಹಳ್ಳಿಯವರೆಲ್ಲರೂ ಬಲ್ಲರು. ಲಾರಿಯಲ್ಲಿಯೂ ಮಟ್ಟ ತಪ್ಪಿದರೆ ಕಷ್ಟವುಂಟು. ಹೊಲದ ಬದುಗಳನ್ನು ಸುಲಭವಾಗಿ ದಾಟಬಹುದೆಂದು ಕೆಲವು ಚಾಲಕರು ಕಡ್ಡಿಯನ್ನು ಉದ್ದಮಾಡಿ ವಾಹನವನ್ನು ಎತ್ತರಿಸುವುದುಂಟು. ಹೀಗೆ ಮಾಡಿದರೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಗಾಲಿಗಳಿಗೆ ಒಯ್ಯುವ ಷಾಫ್ಟಿನ ಕೋನವು ಕೆಟ್ಟು ಅದರ ಕೀಲುಗಳು ಬೇಗನೆ ಸವೆಯುವುವು. ಷಾಕ್ ಅಬ್ಸಾರ್ಬರುಗಳು ಎಳೆದು ಕಿತ್ತುಹೋಗುವುವು. ಭಾರದ ಕೇಂದ್ರವು ಮೇಲಕ್ಕೆ ಹೋಗುವುದರಿಂದ ತಿರುವಿನಲ್ಲಿ ವಾಹನವು ಮಗುಚುವ ಅಪಾಯವೂ ಹೆಚ್ಚುವುದು. ತೀರ ತಗ್ಗಾದರೆ ಷಾಸಿಯು ರಬ್ಬರಿನ ತಡೆಗಳ ಮೇಲೆ ಬಡಿಯುತ್ತ, ಯಾವ ಕುಲುಕಾಟವನ್ನು ತಪ್ಪಿಸಲು ಹಣವನ್ನು ಕೊಟ್ಟಿತೋ ಆ ಕುಲುಕಾಟವೇ ಸರಕಿಗೆ ತಗಲುವುದು.

ಅಳತೆ ತಪ್ಪಿದೆಯೋ, ಗಾಳಿ ಸೋರುತ್ತಿದೆಯೋ?

ಕಡ್ಡಿಯನ್ನು ಮುಟ್ಟುವುದಕ್ಕೆ ಮುಂಚೆ ದೋಷವು ಎಲ್ಲಿರುವುದೆಂಬುದನ್ನು ನಿಶ್ಚಯಿಸತಕ್ಕದ್ದು. ರಾತ್ರಿ ನಿಲ್ಲಿಸಿದ ವಾಹನವು ಬೆಳಗಾಗುವುದರೊಳಗೆ ಬಹಳವಾಗಿ ಕುಸಿದಿದ್ದರೆ ಅದು ಗಾಳಿ ಸೋರುವಿಕೆಯ ಲಕ್ಷಣವು. ಸಾಬೂನಿನ ನೀರನ್ನು ಕೀಲುಗಳಿಗೂ ಚೀಲಗಳಿಗೂ ಹಚ್ಚಿದರೆ ಗುಳ್ಳೆಗಳು ಸ್ಥಳವನ್ನು ತೋರಿಸುವುವು. ಬರಿದಾಗಿರುವಾಗ ಸರಿಯಾಗಿದ್ದು ಭಾರ ಹೇರಿದಾಗ ತಗ್ಗುವುದಾದರೆ, ಭಾರವು ಮಿತಿಮೀರಿರಬೇಕು, ಇಲ್ಲವೆ ಗಾಳಿಯ ಒದಗಿಕೆ ಸಾಲದೆ ಇರಬೇಕು. ಭಾರವಿರಲಿ ಇಲ್ಲದಿರಲಿ, ಯಾವಾಗಲೂ ಒಂದೇ ಅಳತೆಯಷ್ಟು ಹೆಚ್ಚು ಅಥವಾ ಕಡಿಮೆಯಾಗಿ ನಿಲ್ಲುತ್ತಿದ್ದರೆ ಮಾತ್ರವೇ ಎತ್ತರವನ್ನು ಹೊಸದಾಗಿ ಗೊತ್ತುಮಾಡತಕ್ಕದ್ದು. ಸೋರುವ ಚೀಲಕ್ಕೆ ತೇಪೆ ಹಾಕಿಸಬಾರದು, ಅದನ್ನು ಬದಲಾಯಿಸತಕ್ಕದ್ದು.

ಎತ್ತರವನ್ನು ಗೊತ್ತುಮಾಡುವ ಕ್ರಮ

೧. ಮಟ್ಟವಾದ ಗಟ್ಟಿನೆಲದ ಮೇಲೆ ಬರಿದಾದ ವಾಹನವನ್ನು ನೇರವಾಗಿ ನಡೆಸಿ ನಿಲ್ಲಿಸತಕ್ಕದ್ದು. ಟೈರುಗಳ ಗಾಳಿಯನ್ನು ಮೊದಲೇ ಸರಿಪಡಿಸಿರತಕ್ಕದ್ದು.

೨. ಮುಂದಿನ ಗಾಲಿಗಳಿಗೆ ಹಿಂದೆಯೂ ಮುಂದೆಯೂ ಮರದ ಅಡ್ಡಗಟ್ಟೆಗಳನ್ನು ಕೊಟ್ಟು ಬಳಿಕ ಬ್ರೇಕನ್ನು ಬಿಡತಕ್ಕದ್ದು. ಬ್ರೇಕು ಹಿಡಿದಿದ್ದರೆ ಅಚ್ಚು ಸ್ವಲ್ಪವೂ ತಿರುಗಲಾರದೆ ಅಳತೆಯು ಸುಳ್ಳಾಗುವುದು.

೩. ತೊಟ್ಟಿಯ ಗಾಳಿಯು ಸುಮಾರು ೭ ಬಾರ್ ಒತ್ತಡಕ್ಕೆ ಏರುವವರೆಗೂ ಎಂಜಿನ್ನನ್ನು ನಡೆಸತಕ್ಕದ್ದು. ಬ್ರೇಕಿನ ಗಾಳಿಯನ್ನು ಕಾಪಾಡುವ ವಾಲ್ವು ಒತ್ತಡವು ಕಡಿಮೆಯಿರುವಾಗ ಚೀಲಗಳ ದಾರಿಯನ್ನು ಮುಚ್ಚುವುದು.

೪. ತಯಾರಕರ ಪುಸ್ತಕದಲ್ಲಿ ಹೇಳಿರುವ ಎರಡು ಬಿಂದುಗಳ ನಡುವೆ ಟೇಪಿನಿಂದ ಅಳೆಯತಕ್ಕದ್ದು. ಅನೇಕ ವಾಹನಗಳಲ್ಲಿ ಇದು ಅಚ್ಚಿನ ನಡುವಿನಿಂದ ಷಾಸಿಯ ತಳದವರೆಗಿನ ದೂರವು. ನೆಲದಿಂದ ಅಳೆದರೆ ಟೈರಿನ ಸವೆತವು ಲೆಕ್ಕದಲ್ಲಿ ಸೇರಿ ತಪ್ಪಾಗುವುದು.

೫. ಕಡ್ಡಿಯನ್ನು ತೋಳಿನಿಂದ ಬಿಡಿಸಿ, ತೋಳನ್ನು ಮೊದಲು ಕೆಳಕ್ಕೆ ಬಾಗಿಸಿ ಸ್ವಲ್ಪ ಗಾಳಿಯನ್ನು ಬಿಟ್ಟು, ಅನಂತರ ಮೇಲಕ್ಕೆ ಎತ್ತಿ, ಗೊತ್ತಾದ ಎತ್ತರಕ್ಕೆ ಬರುವವರೆಗೂ ತುಂಬತಕ್ಕದ್ದು. ಪ್ರತಿಸಲವೂ ತಗ್ಗಿನಿಂದ ಮೇಲಕ್ಕೆ ಬಂದರೆ ಅಳತೆಯಲ್ಲಿ ವ್ಯತ್ಯಾಸವಾಗದು. ಕೆಲವು ವಾಲ್ವುಗಳು ಕೆಲವು ಸೆಕೆಂಡು ತಡೆದು ಕೆಲಸಮಾಡುವುವಾದುದರಿಂದ ಆತುರಪಡಬಾರದು.

೬. ತೋಳನ್ನು ನಡುವಣ ಸ್ಥಾನದಲ್ಲಿ ನಿಲ್ಲಿಸಿ, ಕಡ್ಡಿಯ ಉದ್ದವನ್ನು ಅದಕ್ಕೆ ಸರಿಯಾಗಿ ಹೊಂದಿಸಿ ಬಿಗಿಯತಕ್ಕದ್ದು. ಕಡ್ಡಿಯು ಉದ್ದವಾದಷ್ಟೂ ವಾಹನವು ಎತ್ತರವಾಗಿಯೂ, ಗಿಡ್ಡವಾದಷ್ಟೂ ತಗ್ಗಾಗಿಯೂ ನಿಲ್ಲುವುದು.

೭. ಸ್ವಲ್ಪ ದೂರ ಓಡಿಸಿ ತಂದು ಮತ್ತೆ ಅಳೆಯತಕ್ಕದ್ದು. ಅನೇಕ ತಯಾರಕರು ೬ ಮಿಲಿಮೀಟರಿನಷ್ಟು, ಎಂದರೆ ಸುಮಾರು ಕಾಲು ಅಂಗುಲದಷ್ಟು ಹೆಚ್ಚುಕಡಿಮೆಗೆ ಮಾತ್ರ ಅವಕಾಶ ಕೊಟ್ಟಿರುವರು.

ಬಸ್ಸುಗಳಲ್ಲಿ ಸಾಮಾನ್ಯವಾಗಿ ಮುಂದೆ ಒಂದು, ಹಿಂದೆ ಎರಡು ವಾಲ್ವುಗಳಿರುವುವು. ಮೂರು ಕಾಲಿನ ಮಣೆಯು ಎಂತಹ ನೆಲದಲ್ಲಿಯೂ ಅಲುಗದೆ ನಿಲ್ಲುವಂತೆ ಮೂರು ಬಿಂದುಗಳು ಮಟ್ಟವನ್ನು ನಿಶ್ಚಯಿಸುವುವು. ಒಂದನ್ನು ತಿದ್ದಿದರೆ ಉಳಿದವೂ ಸ್ವಲ್ಪ ಬದಲಾಗುವುದರಿಂದ ಮೂರನ್ನೂ ಮತ್ತೊಮ್ಮೆ ಅಳೆದು ನೋಡತಕ್ಕದ್ದು. ವಿದ್ಯುತ್ ಸಾಧನಗಳಿಂದ ಎತ್ತರವನ್ನು ನಿಯಂತ್ರಿಸುವ ವಾಹನಗಳಲ್ಲಿ ಕಡ್ಡಿಯನ್ನು ತಿದ್ದುವುದಕ್ಕೆ ಬದಲಾಗಿ, ಟೇಪಿನಿಂದ ಅಳೆದ ಎತ್ತರದಲ್ಲಿ ವಾಹನವನ್ನು ನಿಲ್ಲಿಸಿ, ಪರೀಕ್ಷಾಯಂತ್ರದ ಮೂಲಕ ಅದರ ಗಣಕಕ್ಕೆ ಆ ಎತ್ತರವನ್ನು ತಿಳಿಸುವರು. ಈ ಕೆಲಸವನ್ನು ತಿಳಿದ ಮೆಕ್ಯಾನಿಕರಿಂದಲೇ ಮಾಡಿಸತಕ್ಕದ್ದು. ಅಳತೆ ತೆಗೆಯುವಾಗ ಮಾಲೀಕನು ಎದುರಿಗಿದ್ದರೆ ಒಳಿತು.

ಎಚ್ಚರಿಕೆ

ಗಾಳಿಯ ಮೇಲೆ ನಿಂತಿರುವ ವಾಹನದ ಕೆಳಗೆ ಯಾರೂ ತೂರಬಾರದು. ಕಡ್ಡಿಯನ್ನು ಬಿಡಿಸಿದಾಗ, ಚೀಲವು ಒಡೆದಾಗ, ಇಲ್ಲವೆ ಕೊಳವೆಯು ಕಳಚಿದಾಗ ಷಾಸಿಯು ಕ್ಷಣಮಾತ್ರದಲ್ಲಿ ಕೆಳಗೆ ಕೂರುವುದು. ಷಾಸಿಗೆ ಗಟ್ಟಿಯಾದ ಉಕ್ಕಿನ ಆಧಾರಗಳನ್ನು ಕೊಟ್ಟ ಮೇಲೆಯೇ ಕೈ ಚಾಚತಕ್ಕದ್ದು. ಆಧಾರವಿಲ್ಲದ ವಾಹನದ ಕೆಳಕ್ಕೆ ಕ್ಲೀನರ್ ಹುಡುಗನನ್ನು ಕಳುಹುವ ಮಾಲೀಕನು, ಒಂದು ಗಳಿಗೆಯ ಉಳಿತಾಯಕ್ಕಾಗಿ ಒಂದು ಪ್ರಾಣವನ್ನು ಪಣಕ್ಕಿಡುವನು. ಷಾಕ್ ಅಬ್ಸಾರ್ಬರುಗಳನ್ನು ಕಳಚಿರುವಾಗ ಚೀಲಗಳಿಗೆ ಗಾಳಿಯನ್ನು ತುಂಬಲೂಬಾರದು.

ಮಾಲೀಕರಿಗೆ ಒಂದು ಉಪಯೋಗ

ಎತ್ತರವು ಸರಿಯಾಗಿರುವ ವಾಹನದಲ್ಲಿ ಚೀಲಗಳ ಒತ್ತಡವು ಭಾರವನ್ನು ಸೂಚಿಸುವುದು. ಚೀಲದ ಕೊಳವೆಗೆ ಒಂದು ಗೇಜನ್ನು ಇರಿಸಿ, ವಾಹನವು ಬರಿದಾಗಿರುವಾಗ ಒಮ್ಮೆ, ಪೂರ್ತಿ ಭಾರವಿರುವಾಗ ಒಮ್ಮೆ ವೇಬ್ರಿಡ್ಜಿನಲ್ಲಿ ತೂಗಿಸಿ, ತೂಕವನ್ನೂ ಒತ್ತಡವನ್ನೂ ಬರೆದಿಟ್ಟುಕೊಂಡರೆ, ಮುಂದೆ ಹೊಲದ ಬದಿಯಲ್ಲಿಯೇ ಭಾರವು ಮಿತಿಯೊಳಗಿದೆಯೇ ಎಂಬುದನ್ನು ಅಂದಾಜು ಮಾಡಬಹುದು. ಎತ್ತರವು ತಪ್ಪಿದ್ದರೆ ಈ ಅಂದಾಜೂ ತಪ್ಪುವುದು.

ಆದುದರಿಂದ ಗೊತ್ತಾದ ಎತ್ತರವನ್ನು ವಾಹನದ ಪುಸ್ತಕದಲ್ಲಿ ಬರೆದಿಟ್ಟು, ಪ್ರತಿ ಸುಗ್ಗಿಗೆ ಮುಂಚೆ ಟೇಪು ಹಿಡಿದು ಅಳೆಸುವ ಪದ್ಧತಿಯನ್ನು ಇಟ್ಟುಕೊಳ್ಳತಕ್ಕದ್ದು. ಇದಕ್ಕೆ ಹಿಡಿಯುವುದು ಅರ್ಧ ದಿನದ ಕೆಲಸವು. ತಪ್ಪುವುದು ಸರಕಿನ ನಷ್ಟವೂ, ಯಂತ್ರದ ಸವೆತವೂ, ದಾರಿಯ ಅಪಾಯವೂ.