ಹೆಸರಘಟ್ಟದ ಹುಲ್ಲುಗಾವಲು ಮತ್ತು ಕೆರೆ: ಸಂರಕ್ಷಣೆಯಲ್ಲಿ ಸುತ್ತಲಿನ ರೈತರ ಪಾತ್ರ

ಬೆಂಗಳೂರಿನ ವಾಯವ್ಯಕ್ಕೆ ಸುಮಾರು 25 ಕಿ.ಮೀ. ದೂರದಲ್ಲಿರುವ ಹೆಸರಘಟ್ಟದ ಸುತ್ತ ಬಡಾವಣೆಗಳೂ ತೋಟದ ಮನೆಗಳೂ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಇವುಗಳ ನಡುವೆ ಉಳಿದಿರುವ ಹುಲ್ಲುಗಾವಲು, ಕುರುಚಲು ಪ್ರದೇಶ ಮತ್ತು ಕೆರೆಯಂಗಳ ಹಲವರ ಕಣ್ಣಿಗೆ ‘ಖಾಲಿ ಜಾಗ’ವಾಗಿಯೇ ಕಾಣುತ್ತವೆ. 2024ರ ಅಕ್ಟೋಬರ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿಯು ಇಲ್ಲಿನ ಸುಮಾರು 5,678 ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು ಸಮ್ಮತಿಸಿತು. ಅಂದಿನಿಂದ ಸುತ್ತಲಿನ ರೈತರು ಮುಖ್ಯವಾಗಿ ಕೇಳುವ ಪ್ರಶ್ನೆ ಒಂದೇ: ‘ನಮ್ಮ ಜಮೀನಿನ ಗತಿಯೇನು?’ ಈ ಲೇಖನವು ಅದಕ್ಕೆ ಉತ್ತರಿಸುವುದರ ಜೊತೆಗೆ, ಹುಲ್ಲುಗಾವಲು ಉಳಿದರೆ ರೈತರಿಗಾಗುವ ಪ್ರಯೋಜನವನ್ನೂ ವಿವರಿಸುತ್ತದೆ.

ಜಲಾನಯನದ ಹಿನ್ನೆಲೆ

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ನದಿಗೆ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಹೆಸರಘಟ್ಟ ಜಲಾಶಯವು ರೂಪುಗೊಂಡಿತು. ಬೆಂಗಳೂರಿಗೆ ಕೊಳಾಯಿ ನೀರು ಮೊದಲು ಹರಿದದ್ದು ಇಲ್ಲಿಂದಲೇ. ಇದರ ಕೆಳಭಾಗದಲ್ಲಿ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯವೂ ಬಂದಿತು. ಮೇಲ್ಭಾಗದ ಮಣ್ಣು ಮತ್ತು ನೀರು ಕೆಟ್ಟರೆ ಕೆಳಗಿನ ಎರಡೂ ಜಲಾಶಯಗಳು ಕೆಡುತ್ತವೆ.

ಹುಲ್ಲುಗಾವಲು ಬಂಜರಲ್ಲ

ಹುಲ್ಲಿನ ಹೊದಿಕೆಯು ಮಳೆಹನಿಯ ಹೊಡೆತವನ್ನು ತಡೆಯುತ್ತದೆ. ಎಳೆ ಎಳೆಯಾದ ದಟ್ಟ ಬೇರುಗಳು ಮೇಲ್ಮಣ್ಣನ್ನು ಹಿಡಿದಿಟ್ಟು, ಹರಿಯುವ ನೀರಿನ ವೇಗವನ್ನು ತಗ್ಗಿಸಿ, ಅದು ಇಂಗಲು ಸಮಯ ಕೊಡುತ್ತವೆ. ಇದರಿಂದ ಕೆರೆಗೆ ಸೇರುವ ಹೂಳು ಕಡಿಮೆಯಾಗುತ್ತದೆ.

ಇಂತಹ ಸ್ಥಳದಲ್ಲಿ ಸಸಿ ನೆಡುವುದು ಒಳ್ಳೆಯ ಕೆಲಸವೆಂದು ನಂಬುವವರಿದ್ದಾರೆ. ಕೃಷಿ ಪದವೀಧರರಾದ ನಾವೂ ಒಂದು ಕಾಲಕ್ಕೆ ಹಾಗೆಯೇ ನಂಬಿದ್ದೆವು. ಆದರೆ ಮರಗಳ ನೆರಳಿನಲ್ಲಿ ಬಿಸಿಲು ಬೇಡುವ ಹುಲ್ಲುಗಳು ಸೊರಗುತ್ತವೆ. ನೀಲಗಿರಿಯಂತಹ ಮರಗಳು ಆಳದ ತೇವವನ್ನೂ ಹೀರುತ್ತವೆ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು ಬಯಲನ್ನು ಕಳೆದುಕೊಳ್ಳುತ್ತವೆ. ಅಳಿವಿನಂಚಿನಲ್ಲಿರುವ ಲೆಸ್ಸರ್ ಫ್ಲೋರಿಕನ್ ಹಕ್ಕಿಯೂ ಈ ಬಯಲಿನಲ್ಲಿ ಕಾಣಿಸಿಕೊಂಡಿದೆ. ಚಳಿಗಾಲದಲ್ಲಿ ದೂರದೇಶಗಳಿಂದ ಬರುವ ಹಾರಿಯರ್ ಹಕ್ಕಿಗಳು ರಾತ್ರಿ ಹುಲ್ಲಿನ ನಡುವೆ ನೆಲದಲ್ಲೇ ತಂಗಿ, ಹಗಲಿನಲ್ಲಿ ಮಿಡತೆ ಮತ್ತು ಇಲಿಗಳನ್ನು ಬೇಟೆಯಾಡುತ್ತವೆ. ಇದು ರೈತರಿಗೆ ಖರ್ಚಿಲ್ಲದೆ ದೊರೆಯುವ ಪೀಡೆ ನಿಯಂತ್ರಣ.

ಕಾನೂನು ಏನು ಹೇಳುತ್ತದೆ?

ಸಂರಕ್ಷಣಾ ಮೀಸಲು ಪ್ರದೇಶವು ಅಭಯಾರಣ್ಯಕ್ಕಿಂತ ಭಿನ್ನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಸೇರಿಸಲಾದ 36ಎ ವಿಧಿಯು ಸರ್ಕಾರದ ಒಡೆತನದ ಜಾಗಕ್ಕೆ ಮಾತ್ರ ಅನ್ವಯಿಸುತ್ತದೆ. ಈ ವಿಧಿಯಡಿ ರೈತರ ಹಿಡುವಳಿ ಜಮೀನನ್ನು ಮೀಸಲಿಗೆ ಸೇರಿಸಲಾಗದು. ಘೋಷಣೆಗೆ ಮುನ್ನ ಸ್ಥಳೀಯರೊಂದಿಗೆ ಸಮಾಲೋಚಿಸಬೇಕು. ಅಭಯಾರಣ್ಯದ ಪ್ರವೇಶ ನಿರ್ಬಂಧದ ನಿಯಮವನ್ನು ಈ ವಿಧಿಯಲ್ಲಿ ಅಳವಡಿಸಿಲ್ಲ. ಆದರೆ ಬೆಂಕಿ ಹಚ್ಚುವುದು, ವನ್ಯಜೀವಿಗೆ ಹಾನಿಕರವಾದ ರಾಸಾಯನಿಕ ಬಳಸುವುದು, ಕಸ ಸುರಿಯುವುದು ಮತ್ತು ಪ್ರಾಣಿಪಕ್ಷಿಗಳನ್ನು ಪೀಡಿಸುವುದು ನಿಷಿದ್ಧ.

ಸಲಹಾ ಸ್ವರೂಪದ ನಿರ್ವಹಣಾ ಸಮಿತಿಯಲ್ಲಿ ಸಂಬಂಧಿಸಿದ ಪ್ರತಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗೂ, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳ ಪ್ರತಿನಿಧಿಗಳಿಗೂ ಸ್ಥಾನವಿದೆ. ಮೇವು, ದನಗಳ ದಾರಿ ಮೊದಲಾದ ವಿಷಯಗಳನ್ನು ನಿಮ್ಮ ಪಂಚಾಯಿತಿಯ ಮೂಲಕ ಅಲ್ಲಿ ಮಂಡಿಸಿರಿ.

ರೈತರು ಅನುಸರಿಸಬೇಕಾದ ಕ್ರಮಗಳು

1. ಬೇಸಿಗೆಯಲ್ಲಿ ಬದುಗಳ ಒಣಹುಲ್ಲಿಗೆ ಬೆಂಕಿ ಹಚ್ಚಬೇಡಿ. ಕಿಡಿ ಹಾರಿದರೆ ಹುಲ್ಲುಗಾವಲಿನ ಗೂಡು, ಮೊಟ್ಟೆ ಮತ್ತು ಮೇವು ಒಟ್ಟಿಗೇ ನಾಶವಾಗುತ್ತವೆ. ಕಸಕಡ್ಡಿಯನ್ನು ಕಾಂಪೋಸ್ಟ್ ಅಥವಾ ಹೊದಿಕೆಯಾಗಿ ಬಳಸಿರಿ.

2. ಪಾರ್ಥೇನಿಯಂ ಕಳೆಯನ್ನು ಮಣ್ಣು ತೇವವಿರುವಾಗ, ಹೂ ಬಿಡುವ ಮುನ್ನ, ಕೈಗವಸು ಧರಿಸಿ ಬೇರುಸಹಿತ ಕೀಳಬೇಕು. ಇದನ್ನು ತಿನ್ನುವ ಮೆಕ್ಸಿಕನ್ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿಯೇ ಮೊದಲು ಬಿಡುಗಡೆ ಮಾಡಲಾಯಿತು. ಮಳೆಗಾಲದಲ್ಲಿ ಎಲೆಗಳ ಮೇಲೆ ದುಂಬಿ ಕಂಡರೆ ಅಲ್ಲಿ ಔಷಧ ಸಿಂಪಡಿಸಬೇಡಿ.

3. ಗೊಬ್ಬರವನ್ನು ಮಣ್ಣು ಪರೀಕ್ಷೆಯ ಆಧಾರದ ಮೇಲೆ ನೀಡಿರಿ. ರಾಗಿಗೆ ಸಾರಜನಕವನ್ನು ಬಿತ್ತನೆ ಸಮಯ ಮತ್ತು ಮೇಲುಗೊಬ್ಬರವೆಂದು ಎರಡು ಕಂತುಗಳಲ್ಲಿ ಕೊಟ್ಟರೆ ಕೊಚ್ಚಿಹೋಗುವ ಪ್ರಮಾಣ ತಗ್ಗುತ್ತದೆ. ಕೆರೆ ಸೇರುವ ಸಾರಜನಕ ಮತ್ತು ರಂಜಕವೇ ಜಲಕಳೆಗೆ ಆಹಾರ.

4. ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿ. ರಾಜಕಾಲುವೆ ಮತ್ತು ಹಳ್ಳದ ಅಂಚಿನಲ್ಲಿ ಉಳದೆ ಹುಲ್ಲಿನ ಪಟ್ಟಿಯನ್ನು ಬಿಡಿ.

5. ಸಿಂಪರಣಾ ಕ್ಯಾನು ಮತ್ತು ಡಬ್ಬಿಗಳನ್ನು ಕೆರೆ, ಕಾಲುವೆಗಳಲ್ಲಿ ತೊಳೆಯಬಾರದು.

6. ಹುಲ್ಲು ಬೀಜ ಉದುರಿಸಿದ ನಂತರ ಕೊಯ್ದರೆ ಮರುವರ್ಷವೂ ಮೇವು ಹುಟ್ಟುತ್ತದೆ. ಒಂದೇ ಕಡೆ ಸತತವಾಗಿ ಮೇಯಿಸದೆ ಸರದಿಯಂತೆ ಮೇಯಿಸಿರಿ.

7. ಸಸಿಗಳನ್ನು ನಿಮ್ಮ ಬದು ಮತ್ತು ಮನೆಯಂಗಳದಲ್ಲಿ ನೆಡಿ, ಹುಲ್ಲುಗಾವಲಿನಲ್ಲಿ ಬೇಡ.

ಒಮ್ಮೆ ಅಗೆದು, ಮಣ್ಣು ಸುರಿದು, ಮಟ್ಟ ಮಾಡಿದ ಹುಲ್ಲುಗಾವಲನ್ನು ಬೀಜ ಎರಚಿ ಮರಳಿ ತರುವುದು ಬಹಳ ಕಷ್ಟ. ಮುಂದಿನ ಜೋರು ಮಳೆಯಲ್ಲಿ ಹುಲ್ಲುಗಾವಲಿನಿಂದ ಇಳಿಯುವ ನೀರನ್ನೂ, ನಿವೇಶನಕ್ಕಾಗಿ ಬಗೆದ ಜಾಗದಿಂದ ಇಳಿಯುವ ನೀರನ್ನೂ ಎರಡು ಗಾಜಿನ ಲೋಟಗಳಲ್ಲಿ ಹಿಡಿದು ಅರ್ಧ ಗಂಟೆ ಬಿಡಿ. ತಳದಲ್ಲಿ ಕೂರುವ ಮಣ್ಣನ್ನು ಹೋಲಿಸಿದರೆ ಈ ಬಯಲು ಖಾಲಿ ಜಾಗವೋ ಅಲ್ಲವೋ ಎಂಬುದು ನಿಮಗೇ ತಿಳಿಯುತ್ತದೆ.